ಎಂಟು ತಿಂಗಳ ಕಬ್ಬಿಣದ ಮಾತ್ರೆ

ಕಾಲಿನಿಂದ ಚಪ್ಪಲಿ ಕಳಚಿಕೊಂಡಿದ್ದು ಅಕ್ಕನಿಗೆ ಗೊತ್ತೇ ಆಗಲಿಲ್ಲ. ಬರಿಗಾಲಲ್ಲೇ ಹತ್ತು ಹೆಜ್ಜೆ ನಡೆದುಬಿಟ್ಟಳು. ಹಿಂದೆ ಬರುತ್ತಿದ್ದ ತಂಗಿ ಚಪ್ಪಲಿ ಎತ್ತಿಕೊಂಡು ಓಡಿ ಬಂದಳು.

"ಕಾಲು ಜೋಮು ಹಿಡಿದಿದೆಯಾ ಅಕ್ಕ?"

"ಎರಡು ತಿಂಗಳಾಯ್ತು ಕಣೇ. ಹೊಲಿಗೆ ಮಿಷನ್ ತುಳಿಯೋವಾಗ ಪೆಡಲ್ ಎಲ್ಲಿದೆ ಅಂತ ಬಗ್ಗಿ ನೋಡ್ಬೇಕು. ಡಾಕ್ಟ್ರು ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದಾರಲ್ಲ, ಸರಿಹೋಗುತ್ತೆ ಬಿಡು."

ತಂಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಊರವರ ರಕ್ತವನ್ನೆಲ್ಲ ನೋಡಿದವಳು. ಒಡಹುಟ್ಟಿದವಳದ್ದನ್ನು ನೋಡಿರಲಿಲ್ಲ. ಸುಣ್ಣದಂತೆ ಬಿಳಚಿದ ಮುಖ ಕಂಡಾಗಲೂ "ಸ್ವಲ್ಪ ರೆಸ್ಟ್ ತಗೋ" ಎಂದು ಸುಮ್ಮನಾಗಿದ್ದಳು. ಮೊದಲ ಸಿಟ್ಟು ತನ್ನ ಮೇಲೇ ಬಂತು.

ಮರುದಿನ ಅಕ್ಕನನ್ನು ಲ್ಯಾಬಿಗೆ ಕರೆದೊಯ್ದು ರಕ್ತ ತೆಗೆದಳು. ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಕೆಂಪು ಕಣಗಳು ಊದಿಕೊಂಡು ಮೊಟ್ಟೆಯಂತಾಗಿದ್ದವು. ಬಿಳಿ ಕಣದೊಳಗಿನ ಕೋಶಕೇಂದ್ರ ಮೂರ್ನಾಲ್ಕು ಹೋಳಿರಬೇಕಾದ್ದು ಆರು ಹೋಳಾಗಿತ್ತು. ಕಬ್ಬಿಣ ಸಾಲದಿದ್ದರೆ ಕಣ ಸಣ್ಣಗಾಗುತ್ತದೆ. ಇದು ವಿಟಮಿನ್ ಬಿ-12 ಕೊರತೆ. ರಕ್ತದ ಜೊತೆ ನರಗಳನ್ನೂ ತಿನ್ನುವಂಥದ್ದು. ಸಂಜೆ ಬಂದ ಬಿ-12 ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು.

ಅಕ್ಕನ ಹಳೆಯ ವರದಿಗಳನ್ನು ತರಿಸಿ ನೋಡಿದಳು. ಎಂಟು ತಿಂಗಳಲ್ಲಿ ಮೂರು. ಕಣದ ಗಾತ್ರ ದೊಡ್ಡದೆಂದು ಮೂರರಲ್ಲೂ ಅಚ್ಚಾಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕನನ್ನು ಕರೆದುಕೊಂಡೇ ಹೋಗಿ ಮೂರೂ ಹಾಳೆಗಳನ್ನು ಡಾಕ್ಟರ ಮೇಜಿನ ಮೇಲೆ ಹರಡಿದಳು.

"ಇದನ್ನ ಓದಿದ್ರಾ ಡಾಕ್ಟ್ರೇ?"

"ಹಿಮೋಗ್ಲೋಬಿನ್ ಕಮ್ಮಿ ಇತ್ತಮ್ಮ. ಹೆಂಗಸರಿಗೆ ಸಾಮಾನ್ಯವಾಗಿ ಕಬ್ಬಿಣದ್ದೇ ಕೊರತೆ."

"ಅದರ ಎರಡು ಸಾಲು ಕೆಳಗೆ?"

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಮುಖ ಇಳಿಯಿತು. "ದಿನಕ್ಕೆ ಎಂಬತ್ತು ಜನ ಬರ್ತಾರೆ," ಎಂದರು.

"ಎಂಬತ್ತು ಜನಕ್ಕೂ ಕಾಲಿರುತ್ತೆ. ಜೋಮು ಹಿಡಿದಿದೆ ಅಂತ ಇವಳು ಹೇಳಿದಾಗ ಏನಂದ್ರಿ?"

ಅವರಿಗೆ ನೆನಪಿರಲಿಲ್ಲ. ಅಕ್ಕನಿಗಿತ್ತು.

"ವಯಸ್ಸಾಯ್ತಲ್ಲ ಅಂದಿದ್ರಿ," ಎಂದಳು ಮೆಲ್ಲಗೆ. "ನಂಗೆ ನಲವತ್ತೊಂದು."

ಅಂದೇ ಇಂಜೆಕ್ಷನ್ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಮುಖಕ್ಕೆ ಕಳೆ ಬಂತು, ಬಲಗಾಲು ಸುಧಾರಿಸಿತು. ಎಡಗಾಲಿನ ಬೆರಳುಗಳು ಮಾತ್ರ ವರ್ಷವಾದರೂ ಮರಗಟ್ಟಿದಂತೆಯೇ ಉಳಿದವು.

ತಂಗಿ ಅಕ್ಕನ ಹೆಸರಲ್ಲಿ ವೈದ್ಯರ ಮಂಡಳಿಗೆ ದೂರು ಬರೆದಳು.

"ಹೋಗ್ಲಿ ಬಿಡೇ, ಜೀವ ಉಳೀತಲ್ಲ," ಎಂದಳು ಅಕ್ಕ.

"ಬಿಡಲ್ಲ. ಸಹಿ ಹಾಕು."

ಅಕ್ಕ ಒಂದು ಗಳಿಗೆ ತನ್ನ ಎಡಗಾಲನ್ನೇ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.