ಖಾಲಿ ರೂಮಿಗೆ ತಂಪು

ಹೋಟೆಲಿನಲ್ಲಿ ಅರ್ಧಕ್ಕರ್ಧ ರೂಮು ಖಾಲಿ. ಆದರೂ ಕರೆಂಟ್ ಬಿಲ್ಲು ಇಳಿಯುವ ಹೆಸರೆತ್ತಲಿಲ್ಲ. ಯಜಮಾನಿಗೆ ಸಿಟ್ಟು ನೆತ್ತಿಗೇರಿತು. ಕೈಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸದವಳು ದೊಡ್ಡಕ್ಕ.

"ನಿಮ್ಮ ಮೆಷಿನ್ನೇ ಎಲ್ಲಾ ಕರೆಂಟು ನುಂಗ್ತಿರೋದು! ಬರೋ ತಿಂಗಳಿಂದ ಬಟ್ಟೆ ಹೊರಗೆ ಕೊಡ್ತೀನಿ. ನೀವು ಬರೋದು ಬೇಡ."

ಎಲ್ಲ ಕೆಲಸದವರ ಎದುರೇ ಹೇಳಿಬಿಟ್ಟಳು. ದೊಡ್ಡಕ್ಕ ದುಪ್ಪಟಿಗಳ ಗಂಟು ಎತ್ತಿಕೊಂಡು ಹೋದಳು.

ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುವ ನಾದಿನಿ ಅಂದು ಮಧ್ಯಾಹ್ನ ಬಂದಳು. ವಿಷಯ ಕೇಳಿ ನಕ್ಕಳು.

"ಅಲ್ಲ ಅತ್ತಿಗೆ, ಜನ ಕಮ್ಮಿಯಾದ್ರೆ ದುಪ್ಪಟಿನೂ ಕಮ್ಮಿ, ಮೆಷಿನ್ನಿಗೂ ಕೆಲಸ ಕಮ್ಮಿ. ಮತ್ತೆ ಬಿಲ್ಲು ಯಾಕೆ ಇಳೀಲಿಲ್ಲ?"

"ಬಿಸಿಲು ಕಣೇ."

"ಬಿಸಿಲೂ ಒಂದು ಕಾರಣ. ಬರೋ ಜನ, ಸ್ನಾನದ ಬಿಸಿನೀರು, ಹಳೇ ಮೆಷಿನ್ನು, ಎಲ್ಲಾ ಕಾರಣವೇ. ನಮ್ಮ ಅಭ್ಯಾಸನೂ ಅಷ್ಟೇ. ಬನ್ನಿ, ರೂಮು ನೋಡೋಣ."

ಮೊದಲ ಖಾಲಿ ರೂಮಿನ ಬಾಗಿಲು ತೆಗೆದರೆ ಎ.ಸಿ. ಭರ್ರನೆ ಓಡುತ್ತಿತ್ತು. ಫಿನಾಯಿಲ್ ವಾಸನೆ ಹೋಗಲೆಂದು ಕಿಟಕಿಯೂ ತೆರೆದಿತ್ತು.

"ಆಕಾಶಕ್ಕೇ ಎ.ಸಿ. ಹಾಕಿಸಿದ್ದೀರಾ ಅತ್ತಿಗೆ?"

"ಬಂದೋರು ಬಾಗಿಲು ತೆಗೆದ ಕೂಡಲೇ ತಂಪು ಹೊಡೀಬೇಕಲ್ಲ!"

ಬಾಗಿಲ ಪಕ್ಕದ ಗೋಡೆಯ ಸಂದಿಗೆ ರೂಮಿನ ಕೀ-ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟು ಬರುತ್ತದೆ. ಕಾರ್ಡ್ ತೆಗೆದರೆ ಎಲ್ಲವೂ ಆರುತ್ತದೆ. ಆದರೆ ಆ ಸಂದಿಯಲ್ಲಿ ಕಾರ್ಡಿನ ಬದಲು ಸೋಪಿನ ಡಬ್ಬಿಯ ರಟ್ಟಿನ ತುಂಡು ತುರುಕಿದ್ದರು. ಪಕ್ಕದ ರೂಮಿನಲ್ಲೂ ಅದೇ ರಟ್ಟು, ಅದೇ ತಂಪು.

"ಇದನ್ನ ಯಾರು ಸಿಕ್ಕಿಸಿದ್ದು?"

ಕತ್ತರಿ ಹಿಡಿದು ಒಂದೊಂದನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದವಳು ಯಜಮಾನಿಯೇ. ಮುಖ ಕಾದು ಕೆಂಪಾಯಿತು. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

"ರಟ್ಟು ಕಿತ್ತುಹಾಕಿ," ಎಂದಳು ನಾದಿನಿ. "ಜನ ಬಂದ ಮೇಲೆ ಎ.ಸಿ. ಹಾಕಿ, ಇಪ್ಪತ್ನಾಲ್ಕು ಡಿಗ್ರಿಯಲ್ಲಿ ಇಡಿ, ಕಿಟಕಿ ಮುಚ್ಚಿ. ಸ್ವಲ್ಪ ಹೊತ್ತಿಗೆ ತಂಪಾಗುತ್ತೆ. ಅಷ್ಟಕ್ಕೆ ಯಾರೂ ಓಡಿಹೋಗಲ್ಲ."

ಯಜಮಾನಿ ತಾರಸಿ ಹತ್ತಿದಳು. ದೊಡ್ಡಕ್ಕ ದುಪ್ಪಟಿಗಳನ್ನು ಬಿಸಿಲಿಗೇ ಹರವುತ್ತಿದ್ದಳು. ಒಣಗಿಸಲು ಮೆಷಿನ್ನು ಮುಟ್ಟಿರಲೇ ಇಲ್ಲ.

"ತಪ್ಪು ನಂದೇ ದೊಡ್ಡಕ್ಕ. ಕೆಲಸ ಬಿಡಬೇಡಿ." ಮೆಲ್ಲಗೆ, ಯಾರಿಗೂ ಕೇಳಿಸದಂತೆ ಹೇಳಿದಳು.

ದೊಡ್ಡಕ್ಕ ದುಪ್ಪಟಿ ಕೊಡವಿದಳು. "ಬೈದಿದ್ದು ಎಲ್ಲರೆದುರು, ಅಮ್ಮ. ಇದನ್ನೂ ಅಲ್ಲೇ ಹೇಳಿ."

ಯಜಮಾನಿ ಕೆಳಗಿಳಿದಳು. ಎಲ್ಲರನ್ನೂ ಕರೆದಳು. ತಲೆ ತಗ್ಗಿಸಿಯೇ ಹೇಳಿದಳು, ಆದರೆ ಹೇಳಿದಳು.

ಹೋಟೆಲ್ ನಡೆಸುವವರೇ, ಮನೆ ನಡೆಸುವವರೇ, ಕರೆಂಟ್ ಬಿಲ್ಲು ಏರಿದರೆ ಮೊದಲು ಖಾಲಿ ಕೋಣೆಗಳ ಬಾಗಿಲು ತೆಗೆದು ನೋಡಿ. ಬೈಗುಳ ಆಮೇಲೆ ಇದ್ದೇ ಇದೆ. ಅದು ಬೇಕಾಗುವುದೂ ಇಲ್ಲವೇನೋ.