ಹೆಂಗಸರ ಸಾಲ

ಕಾಶೀಮನನ್ನು ಚಕ್ಕಡಿಯಲ್ಲಿ ಮಲಗಿಸಿ ಮನೆಗೆ ತಂದಿದ್ದರು. ದಾಂಡೇಲಿಯ ಆಚೆ ಮರ ಕಡಿಯುವ ಕೆಲಸ; ಅಲ್ಲಿ ಡೇರೆಯಲ್ಲಿದ್ದವರಿಗೆಲ್ಲ ಚಳಿಜ್ವರ. ಹಿಂದಿನ ವರ್ಷ ಅದೇ ಡೇರೆಯಲ್ಲಿ ಅವನ ತಮ್ಮ ಸತ್ತಿದ್ದ. ತಮ್ಮನ ನಲವತ್ತನೆಯ ದಿನದ ಊಟಕ್ಕೆಂದೇ ಕಾಶೀಮ, ಕೂಲಿಯಾಳು ಒಯ್ಯುವ ಮುಕದಮ ಶೇಖಪ್ಪನಿಂದ ಹದಿನೆಂಟು ರೂಪಾಯಿ ಮುಂಗಡ ಎತ್ತಿದ್ದ. ಸಿದ್ದಿಗಳ ಕೇರಿಯೆಲ್ಲ ಉಂಡು ಹೋಗಿತ್ತು.

ಜ್ವರ ಬಿಟ್ಟ ಮೇಲೆ ಶೇಖಪ್ಪ ಹಳಿಯಾಳದಿಂದ ಬಂದು ಅಂಗಳದಲ್ಲಿ ನಿಂತ.

"ಸೋಮವಾರ ಗಾಡಿ ಹೊಂಡತೈತಿ. ಬರ್ತಿಯೋ, ರೊಕ್ಕ ಇಡ್ತಿಯೋ?"

"ಬರ್ತೇನಿ ಅಣ್ಣಾರ," ಎಂದ ಕಾಶೀಮ. ಎದ್ದು ಕೂರಲು ಗೋಡೆ ಹಿಡಿಯಬೇಕಾಯಿತು.

ಸಂಜೆ ಹೆಂಡತಿ ಚಾಂದಬಿ ಪಕ್ಕದ ಮನೆಯ ಬಿಬಿಜಾನಳ ಹತ್ತಿರ ಹೋದಳು. ಬಿಬಿಜಾನ್ ಕೋಳಿ ಮಾರಿ ಕೂಡಿಟ್ಟದ್ದನ್ನು ಕೊಟ್ಟಳು. ಶಿವವ್ವ ಸೀರೆಗೆಂದು ಇಟ್ಟಿದ್ದನ್ನು ಕೊಟ್ಟಳು. ಹೀಗೆ ಆರು ಮನೆ. ಯಾವಾಗ ಕೊಡುತ್ತಿ ಎಂದು ಒಬ್ಬಳೂ ಕೇಳಲಿಲ್ಲ. ಅಕ್ಕಿ, ಉಪ್ಪು, ಎಣ್ಣೆ ಎಂದು ಅವರ ನಡುವೆ ಕೊಟ್ಟು ತಕ್ಕೊಳ್ಳುವುದು ಎಂದೂ ನಿಂತಿರಲಿಲ್ಲ.

ಸೋಮವಾರ ಅವಳೇ ಸೆರಗಿನ ಗಂಟು ಬಿಚ್ಚಿ ಶೇಖಪ್ಪನಿಗೆ ಎಣಿಸಿ ಕೊಟ್ಟಳು. ಅವನು ಕಾಶೀಮ ಹೆಬ್ಬೆಟ್ಟು ಒತ್ತಿದ್ದ ಮುಂಗಡದ ಕಾಗದ ಹರಿದು ಹೋದ.

"ಎಲ್ಲಿ ಸಿಕ್ತು?" ಎಂದ ಕಾಶೀಮ.

"ಬಿಬಿಜಾನ್ ಬೂ, ಶಿವವ್ವ, ಇನ್ನ ನಾಕ ಮಂದಿ."

"ಹೆಂಗಸೂರ ಕಡೆ?"

"ಯಾಕ, ಅವರ ರೊಕ್ಕದ ಮ್ಯಾಲ ರಾಜನ ತಲಿ ಇಲ್ಲೇನು?"

ಅವನು ನಗಲಿಲ್ಲ.

ಗಂಜಿ ಕುಡಿದು, ಮಲಗಿ, ಕಾಲಿಗೆ ಕಸುವು ಬಂದಾಗ ಕಾಶೀಮ ಗಂಡಸರು ಬೀಡಿ ಸೇದುವ ಕಟ್ಟೆಗೆ ಹೋದ. ಬಿಬಿಜಾನಳ ಗಂಡ ಸರಿದು ಜಾಗ ಮಾಡಿದ. "ಬಾ, ಕೂಡು. ನಮ್ಮ ಮನಿ ಕೋಳಿ ಸಾಲದಿಂದ ಬಿಡಿಸಿದ ಗಂಡಸು!" ಇನ್ನೊಬ್ಬ ಕೋಳಿಯಂತೆ ಕೂಗಿದ. ಎಲ್ಲರೂ ನಕ್ಕರು, ಕಾಶೀಮನೂ ನಕ್ಕ. ಡೇರೆಯಲ್ಲಿ ಶೇಖಪ್ಪ ಅವ್ವನ ಹೆಸರೆತ್ತಿ ಬೈದದ್ದನ್ನೆಲ್ಲ ಅವನು ನುಂಗಿಕೊಂಡಿದ್ದ. ಇದನ್ನು ನುಂಗಲಾಗಲಿಲ್ಲ.

ಸಂತೆಯ ದಿನ ಒಬ್ಬನೇ ಹಳಿಯಾಳಕ್ಕೆ ಹೋದ. ತಿರುಗಿ ಬಂದವನು ತನ್ನ ಮನೆಗೆ ಬರುವ ಮೊದಲು ಆರೂ ಮನೆಗೆ ಹೋಗಿ ರೊಕ್ಕ ಮುಟ್ಟಿಸಿದ. ಬಿಬಿಜಾನಳಿಗೆ ಒಂದು ರೂಪಾಯಿ ಹೆಚ್ಚಿಗೆ ಇಟ್ಟ. ಉಣ್ಣಲು ಕೂತಾಗ ಚಾಂದಬಿ ಅವನ ಹೆಬ್ಬೆರಳಿನ ಮೇಲೆ ನೀಲಿ ಶಾಯಿ ಕಂಡಳು.

"ಎಷ್ಟು?"

"ಇಪ್ಪತ್ತು. ಇನ್ನೂ ಕೊಡ್ತಿದ್ದ ಶೇಖಪ್ಪಣ್ಣ. ನಾನ ಸಾಕಂದೆ."

"ಬಿಬಿಜಾನ್ ಬೂ ಅವರೆಲ್ಲ ತಿರುಗಿ ಕೇಳಿದ್ರೇನು?"

"ಇಲ್ಲ. ಅದ ತ್ರಾಸ. ಕೇಳಿದ್ರ ಜಗಳರೆ ಆಡಬಹುದಿತ್ತು."

ಅವಳು ಅವನ ತಾಟಿಗೆ ಇನ್ನಷ್ಟು ಗಂಜಿ ಸುರಿದಳು.

ಮುಂದಿನ ಸೋಮವಾರ ಬೆಳಿಗ್ಗೆ ಕಾಶೀಮ ಕೊಡಲಿ, ಕಂಬಳಿ ತಕ್ಕೊಂಡು ಶೇಖಪ್ಪನ ಗಾಡಿ ಹತ್ತಿದ. ಹಲ್ಲು ಕಟಕಟ ಎನ್ನುತ್ತಿದ್ದವು. ಬರೇ ಚಳಿ, ಹೊತ್ತು ಮೂಡಿದರೆ ಬಿಡುತ್ತದೆ ಎಂದ.

ಗಾಡಿ ಹೋದ ಮೇಲೆ ಬಿಬಿಜಾನ್ ಅದೇ ರೂಪಾಯಿಗಳನ್ನು ಅಂಗೈಯಲ್ಲಿ ಹಿಡಿದು ಬಂದಳು. "ಮುಂದಿನ ಊರಾಗ ಗಾಡಿ ನಿಲ್ಲತೈತಿ. ಶಿವವ್ವನೂ ಕೊಡ್ತೇನಿ ಅಂದಾಳ. ಹೋಗಿ ಬಿಡಿಸ್ಕೊಂಡು ಬಾ."

"ಬ್ಯಾಡ ಬೂ," ಎಂದಳು ಚಾಂದಬಿ. "ನಮ್ಮ ರೊಕ್ಕದಾಗ ಬಿಡಿಸಿದ್ರ ಮತ್ತ ಹೋಗ್ತಾನ."

ಕುಡಗೋಲು ತಕ್ಕೊಂಡು ಹುಲ್ಲಿಗೆ ನಡೆದಳು.