ತಲೆಕೆಳಗಾದ ಐದನೇ ಪುಟ

ಮೊದಲ ಮಡಿಕೆ ಬಲದಿಂದ ಎಡಕ್ಕೆ, ಎರಡನೆಯದು ಮೇಲಿಂದ ಕೆಳಕ್ಕೆ, ಮೂರನೆಯದು ಮತ್ತೆ ಬಲದಿಂದ ಎಡಕ್ಕೆ. ಪ್ರತಿ ಮಡಿಕೆಯ ಮೇಲೂ ಮೂಳೆಯ ಪಟ್ಟಿಯನ್ನು ಒಮ್ಮೆ ಒತ್ತಿ ಎಳೆಯಬೇಕು. ಆ ಬೆಳಗ್ಗೆ ನಾನು ಇಪ್ಪತ್ತು ಹಾಳೆ ಮಡಿಸುವಷ್ಟರಲ್ಲಿ ಎದುರಿಗೆ ಕೂತಿದ್ದ ಕತ್ತರಿ ನಲವತ್ತು ಮುಗಿಸಿದ್ದಳು. ಅವಳ ನಾಲಿಗೆಗೆ ನಾವೆಲ್ಲ ಸೇರಿ ಇಟ್ಟ ಹೆಸರು ಅದು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ.

"ಏನಕ್ಕಾ, ಮಸೂದೆ ಮಡಿಸ್ತಿದೀಯೋ, ಮಗು ಮಲಗಿಸ್ತಿದೀಯೋ?"

"ಕೈ ನೋಯ್ತಿದೆ ಕಣೆ."

"ಮೂವತ್ತೊಂದು ವರ್ಷ ನೋಯದೇ ಇರೋ ಕೈ ಇವತ್ತೇ ನೋಯಬೇಕಾ? ನಾಳೆ ಹನ್ನೊಂದು ಗಂಟೆಗೆ ಸದನದಲ್ಲಿ ಮುನ್ನೂರು ಪ್ರತಿ ಇರಬೇಕಂತೆ. ಅವರಿಗೆ ನಿನ್ನ ಕೈಯ ಕಷ್ಟ ಹೇಳ್ಕೋತೀಯಾ?"

ನೋಯುತ್ತಿದ್ದದ್ದು ಕೈಯಲ್ಲ. ಐದು ವಾರದಿಂದ ಬೀಗದೊಳಗಿದ್ದ ಹಾಳೆಗಳು ಅವು. ಅವುಗಳಲ್ಲಿ ಏನಿದೆಯೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ನಮ್ಮದು ಶಾಸನಸಭೆಯ ಹಿಂಬದಿಯ ಮುದ್ರಣಾಲಯ. ಸಭೆಗೆ ಬರುವ ಮಸೂದೆಗಳೆಲ್ಲ ಅಲ್ಲೇ ಅಚ್ಚಾಗಿ, ನಮ್ಮ ಮೇಜಿನ ಮೇಲೆ ಮಡಿಕೆಯಾಗಿ, ಹೊಲಿಗೆಯಾಗಿ, ಅಂಚು ಕತ್ತರಿಸಿಕೊಂಡು ಮುಂದಿನ ಕಟ್ಟಡಕ್ಕೆ ಹೋಗುತ್ತಿದ್ದವು. ಒಳಗೇನಿದೆ ಎಂಬುದನ್ನು ಸದನದಲ್ಲಿ ಮಂಡಿಸುವ ತನಕ ಹೊರಗೆ ಉಸಿರೆತ್ತಬಾರದು. ಕೆಲಸಕ್ಕೆ ಸೇರಿದ ದಿನ ಹಾಗೆಂದು ಹೆಬ್ಬೆಟ್ಟು ಒತ್ತಿ ಒಪ್ಪಿಕೊಂಡಿದ್ದೆ. ಓದು ಬಾರದವಳೆಂದೇ ಸುಲಭವಾಗಿ ತೆಗೆದುಕೊಂಡಿದ್ದರು. ಐವತ್ತು ದಾಟಿದ ಮೇಲೆ ನಾನು ಸಂಜೆಯ ಶಾಲೆ ಸೇರಿ, ಅಕ್ಷರ ಕಲಿತು, ಒಂದು ದಿನ ಸಂಬಳದ ಹಾಳೆಯಲ್ಲಿ ರುಜು ಹಾಕಿದಾಗ ಮೇಸ್ತ್ರಿ ಕನ್ನಡಕ ಮೇಲೆತ್ತಿ ನೋಡಿದ್ದರು.

"ಓದು ಬಂದ್ರೆ ಬರಲಿ ಕಣಮ್ಮ, ಬಾಯಿ ಬರದಿದ್ರೆ ಸಾಕು," ಅಂದಿದ್ದರು.

ಬಾಯಿ ಬರಲಿಲ್ಲ. ಆದರೆ ಓದುವ ಚಟ ಹತ್ತಿತು. ಅಂಗಡಿಯ ಬೋರ್ಡು, ಔಷಧಿ ಸೀಸೆಯ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ.

ಐದು ವಾರದ ಹಿಂದೆ ನನಗೆ ತಂಗಿಯ ಕಾಗದ ಬಂತು. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ ಅವಳು, ದೂರದ ಊರಿನಲ್ಲಿದ್ದಳು. ಹನ್ನೊಂದು ವರ್ಷದಿಂದ ತನ್ನ ಎರಡು ಕೋಣೆಯ ಮನೆಯಲ್ಲೇ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಓದು ಇಲ್ಲ, ಯಾವ ಪ್ರಮಾಣಪತ್ರವೂ ಇಲ್ಲ. ಒಂಬತ್ತು ಕೂಸುಗಳಲ್ಲಿ ಯಾವುದು ಯಾಕೆ ಅಳುತ್ತದೆಂದು ಗೋಡೆಯಾಚೆಯಿಂದಲೇ ಹೇಳುವಷ್ಟು ಕೆಲಸ ಮಾತ್ರ ಗೊತ್ತು. ಆ ಕೂಸುಗಳಲ್ಲಿ ಒಂದರ ತಾಯಿ ಟೈಪಿಸ್ಟು. ತಂಗಿಯ ಕಾಗದಗಳೆಲ್ಲ ಆಕೆಯ ಕೈಯಿಂದ ಸರ್ಕಾರಿ ಆದೇಶದ ಹಾಗೆ ಅಚ್ಚುಕಟ್ಟಾಗಿ ಬರುತ್ತಿದ್ದವು.

"ಅಕ್ಕಾ, ಪಕ್ಕದ ಮನೆ ಖಾಲಿಯಾಗಿದೆ. ಕಿಟಕಿಗಳು ದೊಡ್ಡವು. ಅದನ್ನೂ ತೆಗೆದುಕೊಂಡರೆ ಬಾಗಿಲಿಗೆ ಬಂದು ವಾಪಸು ಹೋಗುತ್ತಿರುವ ಇನ್ನೊಂದು ಹತ್ತು ಮಕ್ಕಳನ್ನು ಇಟ್ಟುಕೊಳ್ಳಬಹುದು. ಆದರೆ ಇಂಥ ಮನೆಗಳ ಬಗ್ಗೆ ಏನೋ ಕಾನೂನು ಬರುತ್ತದಂತೆ, ಓದಿದವರಿಗೆ ಮಾತ್ರ ಅವಕಾಶವಂತೆ. ನೀನು ಕಾನೂನು ಮಾಡುವ ಮನೆಯಲ್ಲೇ ಇದ್ದೀಯ. ಹೂಂ ಅನ್ನಲೋ, ಉಹೂಂ ಅನ್ನಲೋ? ಮನೆ ಯಜಮಾನಿ ಬರುವ ತಿಂಗಳ ಕೊನೆಯವರೆಗೆ ಕಾಯುತ್ತಾಳೆ."

ಕಾಗದ ಓದಿ ಮೂರನೆಯ ದಿನ ಯಂತ್ರದ ಕೋಣೆಯಿಂದ ಹೊಸ ಹಾಳೆಗಳು ಬಂದವು. ಇನ್ನೂ ಮಡಿಸದ ದೊಡ್ಡ ಹಾಳೆಗಳು, ಒಂದೊಂದು ಮಗ್ಗುಲಿಗೆ ಎಂಟೆಂಟು ಪುಟ. ಅಂಚು ಸರಿಮಾಡಲು ತಟ್ಟುತ್ತಿದ್ದಾಗ ಮೇಲಿನ ಹಾಳೆಯಲ್ಲಿ 'ಮಕ್ಕಳ ಪಾಲನಾ ಮನೆಗಳು' ಎಂಬ ಅಕ್ಷರ ಕಣ್ಣಿಗೆ ಬಿತ್ತು. ಬೆರಳಿಟ್ಟು ಓದಿದೆ.

"ಈ ಅಧಿನಿಯಮವು ಜಾರಿಗೆ ಬರುವ ಮುಂಚಿನಿಂದ, ಪ್ರಮಾಣಪತ್ರವಿಲ್ಲದೆ ಪಾಲನಾ ಮನೆಯನ್ನು ನಡೆಸುತ್ತಿರುವ ಯಾರೇ ವ್ಯಕ್ತಿಯು..." ಪುಟ ಮುಗಿಯಿತು. ಪಕ್ಕದ ಪುಟದ ತಲೆಗೆ ಬೆರಳು ಹಾರಿಸಿದೆ. "...ತೊಂಬತ್ತು ದಿನಗಳೊಳಗೆ ಆ ಮನೆಯನ್ನು ಮುಚ್ಚತಕ್ಕದ್ದು ಮತ್ತು ಪುನಃ ತೆರೆಯತಕ್ಕದ್ದಲ್ಲ."

ಅಷ್ಟರಲ್ಲಿ ಮೇಸ್ತ್ರಿ ಬಂದು, "ಬಿಡ್ರಮ್ಮ ಬಿಡ್ರಿ, ಇದನ್ನ ಮುಟ್ಟಬೇಡಿ. ಇನ್ನೂ ಮಾತುಕತೆ ಮುಗಿದಿಲ್ವಂತೆ, ತಡೆಹಿಡೀಬೇಕಂತೆ," ಎಂದು ಅಷ್ಟನ್ನೂ ಎತ್ತಿಸಿ ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿದರು.

ಆಮೇಲಿನ ದಿನಗಳಲ್ಲಿ ಮಡಿಸುವಾಗಲೂ ಉಣ್ಣುವಾಗಲೂ ನನಗೆ ಅದೇ ಯೋಚನೆ. ಹೇಳಿದರೆ ಕೆಲಸಕ್ಕೆ ಕುತ್ತು. ಅದಕ್ಕಿಂತ, ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಮಾತಿಗೆ ಕುತ್ತು. ಹೇಳದಿದ್ದರೆ ತಂಗಿ ಆ ಮನೆಗೆ ಹೂಂ ಅಂದು, ಕಿಟಕಿಗೆ ಬಣ್ಣ ಬಳಿಸಿ, ಹತ್ತು ತೊಟ್ಟಿಲು ಕಟ್ಟಿ, ತೊಂಬತ್ತು ದಿನಕ್ಕೆ ಎಲ್ಲ ಬಿಚ್ಚಬೇಕು. ಒಂದು ಭಾನುವಾರ ಕೂತು ಬರೆದೆ. "ತಂಗಿ, ಆ ಮನೆ ಬೇಡ. ಯಾಕೆಂದು ಕೇಳಬೇಡ." ಎರಡೇ ಸಾಲು. ಲಕೋಟೆಗೆ ಹಾಕಿ ಅಂಟಿಸಿ ಊಟದ ಚೀಲದಲ್ಲಿಟ್ಟುಕೊಂಡೆ. ದಿನಾ ಬೆಳಗ್ಗೆ ಬೀದಿ ತಿರುವಿನ ಅಂಚೆ ಪೆಟ್ಟಿಗೆಯ ಮುಂದೆ ನಿಲ್ಲುವುದು, ಆ ಕಾಗದವನ್ನು ಮತ್ತೆ ಚೀಲಕ್ಕೆ ತುರುಕಿ ಮುಂದೆ ನಡೆಯುವುದು. ಕಾರಣ ಹೇಳದಿದ್ದರೂ ಹೇಳಿದ ಹಾಗೇ ತಾನೆ? ಲಕೋಟೆಯ ಮೂಲೆಗಳು ಮೆತ್ತಗಾದವು.

ನಾಲ್ಕನೇ ವಾರ ಎರಡನೆಯ ಕಾಗದ ಬಂತು. "ಅಕ್ಕಾ, ನೀನು ಬದುಕಿದ್ದೀಯಾ?" ಎಂದು ಶುರು. ಕೊನೆಯಲ್ಲಿ ಟೈಪಿಸ್ಟಮ್ಮ ತನ್ನದೇ ಒಂದು ಸಾಲು ಸೇರಿಸಿದ್ದಳು: "ನಿಮ್ಮ ತಂಗಿ ಹೇಳಿದ ಬೈಗುಳಗಳನ್ನು ಟೈಪ್ ಮಾಡಿಲ್ಲ, ಕ್ಷಮಿಸಿ."

ಈಗ ಬೀಗ ತೆಗೆದಿದ್ದರು. ತಿಂಗಳು ಮುಗಿಯಲು ಆರು ದಿನವಿತ್ತು. ಹಾಳೆಗಳು ನನ್ನ ಮುಂದಿದ್ದವು.

ಇಪ್ಪತ್ತೊಂದನೆಯದನ್ನು ಮಡಿಸಿದೆ. ಹಾಳೆ ಪುಸ್ತಕವಾಯಿತು, ಪುಟಗಳು ಸರದಿಗೆ ಬಂದವು. ಅಂಚು ಕತ್ತರಿಸಿರಲಿಲ್ಲವಾದ್ದರಿಂದ ಪುಟಗಳ ತಲೆ ಇನ್ನೂ ಕೂಡಿಕೊಂಡೇ ಇದ್ದವು. ಕೆಟ್ಟದ್ದನ್ನು ಇನ್ನೊಮ್ಮೆ ಓದಿಯೇ ಬಿಡೋಣ ಎಂದು, ಮುಸುಕು ಎತ್ತುವ ಹಾಗೆ ಬೆರಳು ತೂರಿಸಿ ಒಳಗೆ ಇಣುಕಿದೆ. ನಾಲ್ಕನೇ ಪುಟದ ಕೊನೆ ಸಿಕ್ಕಿತು. "...ನಡೆಸುತ್ತಿರುವ ಯಾರೇ ವ್ಯಕ್ತಿಯು..." ಎದುರು ಪುಟದ ತಲೆ ನೋಡಿದೆ.

"...ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಆ ಕೆಲಸವನ್ನು ಮಾಡಿದ್ದರೆ, ಪರೀಕ್ಷೆಯಿಲ್ಲದೆಯೇ ನೋಂದಣಿಗೆ ಅರ್ಹರಾಗಿರತಕ್ಕದ್ದು."

ಮತ್ತೆ ಓದಿದೆ. ಅಕ್ಷರ ಅಕ್ಷರ ಬಿಡಿಸಿ ಓದಿದೆ. ಮುಚ್ಚುವ ಮಾತೇ ಇಲ್ಲ! ಹಾಗಾದರೆ ಅದೆಲ್ಲಿ ಹೋಯಿತು? ಮಡಿಸದ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಕೆಳಗಿನ ಸಾಲಿನಲ್ಲಿ ನಾಲ್ಕು, ಅದರ ಪಕ್ಕ ಹದಿಮೂರು. ಆ ದಿನ ನನ್ನ ಬೆರಳು ಹಾರಿದ್ದು ಹದಿಮೂರರ ತಲೆಗೆ. ಐದನೇ ಪುಟ ನಾಲ್ಕರ ನೆತ್ತಿಯ ಮೇಲೆ ತಲೆಕೆಳಗಾಗಿ ನಿಂತಿತ್ತು. ಹದಿಮೂರರ ಮುಂಚಿನ ಹನ್ನೆರಡನ್ನು ಹುಡುಕಿ, ಹಾಳೆ ತಿರುಗಿಸಿ ಓದಿದೆ. ಮಕ್ಕಳನ್ನು ಹೊಡೆದರೆಂದು ಅಥವಾ ಬೀಗ ಹಾಕಿ ಕೂಡಿಹಾಕಿದರೆಂದು ಎರಡು ಸಲ ರುಜುವಾತಾದವರಂತೆ, ಮನೆ ಮುಚ್ಚಬೇಕಾದವರು! ಆ ಮನೆ ಮುಚ್ಚಲಿ, ನಾನೇ ಹೋಗಿ ಬಾಗಿಲು ಹಾಕಿ ಬರುತ್ತೇನೆ.

ಮೂವತ್ತೊಂದು ವರ್ಷ ಇಂಥ ಹಾಳೆಗಳನ್ನು ಮಡಿಸಿದ ಕೈಗೆ ಯಾವ ಪುಟದ ಪಕ್ಕ ಯಾವುದು ಬರುತ್ತದೆಂದು ಕತ್ತಲಲ್ಲೂ ಗೊತ್ತು. ಕಣ್ಣು ಮಾತ್ರ ಸಂಜೆ ಶಾಲೆಯದು. ಎಡದಿಂದ ಬಲಕ್ಕೆ ಓದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು, ಓದಿತ್ತು. ಐದು ವಾರದಲ್ಲಿ ಒಂದು ದಿನವಾದರೂ ಕಣ್ಣು ಕೈಯನ್ನು ಕೇಳಲಿಲ್ಲ.

ನಗು ಬಂತು. ತಡೆಯಲು ಹೋದರೆ ಕೆಮ್ಮಾಯಿತು, ಕೆಮ್ಮಿನ ಜೊತೆ ಕಣ್ಣಲ್ಲಿ ನೀರು. ಮೇಸ್ತ್ರಿ ಬಂದರು.

"ಏನಮ್ಮಾ, ಮಸೂದೇಲಿ ಜೋಕು ಬರೆದಿದಾರಾ?"

"ಇಲ್ಲ ಮೇಸ್ತ್ರಿಗಳೇ. ಒಂದು ಮಾತು ಕೇಳ್ತೀನಿ. ಇದ್ರಲ್ಲಿ ಇನ್ನೂ ಏನಾದ್ರೂ ಬದಲಾಗುತ್ತಾ?"

ಅವರು ನನ್ನ ಮುಂದೆ ಹರಡಿದ್ದ ಹಾಳೆಯನ್ನೂ ನನ್ನ ಮುಖವನ್ನೂ ನೋಡಿದರು. ಏನು ಅರ್ಥವಾಯಿತೋ, ದನಿ ತಗ್ಗಿಸಿದರು. "ಇದಿನ್ನೂ ಮಸೂದೆ, ಕಾನೂನಲ್ಲ. ಅಲ್ಲೊಂದು ಇಲ್ಲೊಂದು ಪದ ಬದಲಾದೀತು. ಆದ್ರೆ ಐದು ವಾರ ತಡೆದಿದ್ದು ಯಾಕೆ ಅಂದ್ಕೊಂಡೆ? ಎರಡೂ ಕಡೆಯವರು ಕೂತು, ಜಗಳ ಆಡಿ, ಆಡಿ, ಒಪ್ಪಿಕೊಂಡ ಮೇಲೇ ಬೀಗ ತೆಗೆಸಿದ್ದು. ಒಂದಕ್ಷರಾನೂ ತಿದ್ದದೆ ಹಾಗೇ ಕಳಿಸಿ ಅಂದಿದಾರೆ. ಸಾಕಾ?"

"ಸಾಕು."

"ಹಾಗಿದ್ರೆ ಮಡಿಸು. ನಾಳೆ ಹನ್ನೊಂದರವರೆಗೆ ಬಾಯೀನೂ ಮಡಿಸಿಡು."

ಆ ದಿನ ಉಳಿದ ಹಾಳೆಗಳಲ್ಲಿ ಹೆಚ್ಚಿನವನ್ನು ಮಡಿಸಿದ್ದು ನಾನೇ. ಕತ್ತರಿ ಬೆಪ್ಪಾಗಿ ನೋಡುತ್ತಿದ್ದಳು. ಮನೆಗೆ ಹೋದವಳೇ ಹಳೆಯ ಲಕೋಟೆಯನ್ನು ಒಲೆಗೆ ಹಾಕಿ ಹಾಲು ಕಾಯಿಸಿಕೊಂಡೆ. ಜೀವನದಲ್ಲಿ ತಡ ಮಾಡಿ ಬೈಸಿಕೊಂಡದ್ದೇ ಹೆಚ್ಚು. ಆ ಕಾಗದವನ್ನು ತಡ ಮಾಡಿದ್ದಕ್ಕೆ ಮಾತ್ರ ನನಗೆ ನಾನೇ ಶಭಾಷ್ ಅಂದುಕೊಂಡೆ.

ಮರುದಿನ ಹನ್ನೊಂದಕ್ಕೆ ಮುಂದಿನ ಕಟ್ಟಡದಲ್ಲಿ ಗಂಟೆ ಹೊಡೆಯಿತು. ಹನ್ನೊಂದೂಕಾಲಿಗೆ ಮೇಸ್ತ್ರಿಯ ಕೋಣೆಯ ಫೋನು ರಿಂಗಾಯಿತು. ಅವರು ಬಾಗಿಲಿಗೆ ಬಂದು, "ಮಂಡನೆ ಆಯ್ತು, ಇನ್ನು ಊರಿಗೆಲ್ಲ ಹೇಳ್ಕೊಳ್ಳಿ," ಎಂದರು. ಆಮೇಲೆ ಹೊಲಿಗೆ ಓರೆಯಾಗಿ ಪಕ್ಕಕ್ಕಿಟ್ಟಿದ್ದ ಒಂದು ಪ್ರತಿಯನ್ನು ತಂದು ನನ್ನ ಮುಂದಿಟ್ಟು ಹೋದರು.

ಊಟದ ಬಿಡುವಿನಲ್ಲಿ ಕತ್ತರಿಗೆ ಎಲ್ಲ ಹೇಳಿದೆ. ಅವಳು ಎತ್ತಿದ ತುತ್ತನ್ನು ಡಬ್ಬಿಗೇ ವಾಪಸು ಹಾಕಿದಳು.

"ಮಡಿಸದೇ ಓದಿದೀಯಾ? ಹಾಳೇನ? ಅಯ್ಯೋ ನಿನ್ನ ಓದಿಗಿಷ್ಟು! ನಂಗೆ ಅಂಕಿ ಬಿಟ್ರೆ ಒಂದಕ್ಷರ ಬರಲ್ಲ. ನಂಗೇ ಗೊತ್ತು ನಾಲ್ಕರ ಪಕ್ಕ ಹದಿಮೂರು ಅಂತ!"

"ನಂಗೂ ಗೊತ್ತಿತ್ತು ಕಣೆ."

"ಗೊತ್ತಿದ್ದೂ ಐದು ವಾರ ಮುಖ ಊದಿಸ್ಕೊಂಡು ಕೂತಿದ್ದೆ. ನಾನೇನೋ ನನ್ನ ಮೇಲೇ ಕೋಪ ಅಂದ್ಕೊಂಡು ಬೈಯೋದನ್ನೂ ಕಡಿಮೆ ಮಾಡಿದ್ದೆ."

"ಇದು ಕಡಿಮೆನಾ?"

"ನಾಳೆಯಿಂದ ನೋಡು. ಈಗ ಬರಿ, ಬರಿ. ತಿಂಗಳು ಮುಗಿಯೋಕೆ ಇನ್ನೈದೇ ದಿನ. ಅಂಚೆಯವನು ಎರಡಕ್ಕೆ ಬರ್ತಾನೆ."

ಅದೇ ಮೇಜಿನ ಮೇಲೆ, ಡಬ್ಬಿ ಸರಿಸಿ, ಬರೆದೆ.

"ತಂಗಿ, ಹೂಂ ಅನ್ನು. ಇವತ್ತೇ ಅನ್ನು. ನಿನ್ನ ಹನ್ನೊಂದು ವರ್ಷಕ್ಕೆ ಲೆಕ್ಕವಿದೆ, ಪರೀಕ್ಷೆ ಇಲ್ಲ. ಇನ್ನೂ ಸಭೆ ಒಪ್ಪಬೇಕು, ಆದರೆ ಎರಡೂ ಕಡೆಯವರು ಆಗಲೇ ಒಪ್ಪಿದ್ದಾರಂತೆ. ಮಕ್ಕಳ ಎತ್ತರಕ್ಕೆ ಕೈ ತೊಳೆಯುವ ನಲ್ಲಿ ಬೇಕಂತೆ, ಅದೊಂದನ್ನು ಹಾಕಿಸು. ಇದರ ಜೊತೆ ಮಸೂದೆಯನ್ನೇ ಇಟ್ಟಿದ್ದೇನೆ. ಐದನೇ ಪುಟದ ಮೂಲೆ ಮಡಿಚಿದ್ದೇನೆ, ಟೈಪಿಸ್ಟಮ್ಮನ ಹತ್ತಿರ ಅಲ್ಲಿಂದ ಓದಿಸು. ತಡ ಯಾಕಾಯಿತೆಂದು ಬಂದಾಗ ಹೇಳುತ್ತೇನೆ, ನಗಬೇಡ. ಬೈಗುಳಗಳನ್ನು ಇಟ್ಟುಕೊಂಡಿರು, ನಾನೇ ಬಂದು ಕೇಳಿಸಿಕೊಳ್ಳುತ್ತೇನೆ. ಅಕ್ಕ."

ಕಾಗದವನ್ನು ಮಡಿಸಿ, ಮೂಳೆಯ ಪಟ್ಟಿಯಿಂದ ಒಮ್ಮೆ ಒತ್ತಿ ಎಳೆದೆ. ಕತ್ತರಿ ಲಕೋಟೆಯ ಅಂಟು ನೆಕ್ಕಿ ಅಂಟಿಸಿಕೊಟ್ಟಳು, ತನ್ನ ಪಾಲೂ ಇರಲಿ ಅಂತ. ಇಬ್ಬರೂ ಏಪ್ರನ್ನಿನಲ್ಲೇ ಬೀದಿ ತಿರುವಿಗೆ ಹೋದೆವು. ಅಂಚೆಯವನು ಆಗಲೇ ಪೆಟ್ಟಿಗೆಯ ಬಾಗಿಲು ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿಯುತ್ತಿದ್ದ. ಬೆಳಗಿನ ಸರದಿಗೂ ಅವನೇ, ವಾರಗಟ್ಟಲೆ ನಾನು ಪೆಟ್ಟಿಗೆಯ ಮುಂದೆ ನಿಂತು ಹಾಗೇ ಹೋಗುವುದನ್ನು ನೋಡಿದ್ದವನು.

"ಏನಮ್ಮಾ, ಇವತ್ತಾದ್ರೂ ಹಾಕ್ತೀರೋ, ಸುಮ್ನೆ ನೋಡಿ ಹೋಗ್ತೀರೋ?"

"ಹಾಕ್ತೀನಪ್ಪಾ," ಎಂದು ಲಕೋಟೆಯನ್ನು ಅವನ ಚೀಲದೊಳಕ್ಕೇ ಬಿಟ್ಟೆ.